ಅಜ್ಜಿಯ ಮಾತು ಟೀವಿಗೆ ಹೋದದ್ದು

ಸೀರಿಯಲ್‌ನಲ್ಲಿ ನನ್ನದು ಒಬ್ಬ ಗಾಯಕಿಯ ಪಾತ್ರ. ಕಂಠ ಚೆನ್ನಾಗಿದೆ, ಬೆಳಗಿನ ಜಾವ ಎದ್ದು ಸಾಧನೆ ಮಾಡುತ್ತಾಳೆ, ಎಲ್ಲ ಸರಿ. ಆದರೆ ಇನ್ನೊಬ್ಬರಿಗೆ ಚಪ್ಪಾಳೆ ಬಿದ್ದರೆ ಅವಳಿಗೆ ಊಟ ಸೇರುವುದಿಲ್ಲ. ಎದುರಾಳಿಯ ಶ್ರುತಿಪೆಟ್ಟಿಗೆ ಬಚ್ಚಿಟ್ಟಿದ್ದಾಳೆ, ಗುರುಗಳ ಹತ್ತಿರ ಚಾಡಿ ಹೇಳಿದ್ದಾಳೆ. ಹೀಗಾಗಿ ಗೋವಿಂದರಾಜನಗರದ ನಮ್ಮ ಬೀದಿಯಲ್ಲಿ ಸೊಪ್ಪು ಮಾರುವ ಆಂಟಿ ಕೊತ್ತಂಬರಿ ಕಟ್ಟು ಕೊಡುವಾಗಲೂ, “ಆ ಹುಡುಗೀನ ಅಷ್ಟು ಗೋಳು ಹುಯ್ಕೋಬಾರದಿತ್ತು ಕಣಮ್ಮ,” ಅನ್ನುತ್ತಾರೆ. “ನಾಳೆಯಿಂದ ಸರಿಹೋಗ್ತೀನಿ ಆಂಟಿ,” ಎಂದು ಮಾತು ಕೊಟ್ಟು ಬರುತ್ತೇನೆ. ಮಾರನೇ ದಿನ ಮತ್ತೊಬ್ಬಳನ್ನು ಅಳಿಸಿರುತ್ತೇನೆ.

ಕೆಂಗೇರಿಯ ಆಚೆ ಒಂದು ದೊಡ್ಡ ಮನೆಯಲ್ಲಿ ಶೂಟಿಂಗ್. ಅಲ್ಲಿ ಮಾತುಗಳನ್ನು ಬಾಯಿಪಾಠ ಮಾಡಿಕೊಂಡು ಹೋಗುವ ಪದ್ಧತಿಯಿಲ್ಲ. ಕ್ಯಾಮೆರಾ ಪಕ್ಕ ಒಬ್ಬರು ನಿಂತು ಹಾಳೆ ನೋಡಿ ಒಂದೊಂದೇ ಸಾಲು ಹೇಳುತ್ತಾರೆ, ನಾವು ಕಣ್ಣಲ್ಲಿ ಬೆಂಕಿ ತುಂಬಿಕೊಂಡು ಅದನ್ನೇ ತಿರುಗಿ ಹೇಳುತ್ತೇವೆ. ಆವತ್ತು ನಾನು ಹಿರಿಯ ಗಾಯಕಿಯೊಬ್ಬರನ್ನು ಸಭೆಯ ಎದುರು ಅವಮಾನ ಮಾಡಬೇಕಿತ್ತು. ಪಕ್ಕದಿಂದ ಬಂದ ಸಾಲು, “ನಿಮ್ಮ ಗಾಯನ ನನಗೆ ಇಷ್ಟವಾಗಲಿಲ್ಲ.” ಬ್ಯಾಂಕಿನಿಂದ ಬಂದ ಕಾಗದದ ಹಾಗಿತ್ತು. ನಿರ್ದೇಶಕರಿಗೂ ಸಪ್ಪೆ ಅನ್ನಿಸಿತು. “ಮೇಡಂ, ನಿಮ್ಮ ಕಡೆಯಿಂದ ಒಂಚೂರು ಖಾರ ಹಾಕಿ,” ಅಂದರು.

ನನ್ನ ಕಡೆ ಖಾರಕ್ಕೇನು ಕಡಿಮೆ? ನಾನು ಮಾತು ಕಲಿತದ್ದೇ ಅಜ್ಜಿಯ ಅಡುಗೆಮನೆಯಲ್ಲಿ. ಅಜ್ಜಿಗೊಬ್ಬಳು ತಂಗಿ, ನಮಗೆಲ್ಲ ಚಿಕ್ಕಜ್ಜಿ. ನೆಂಟರ ಮನೆಯ ಯಾವ ಹಬ್ಬದಲ್ಲೂ ಆರತಿ ಹಾಡು ಅವಳದೇ. ಅವಳು ನಡುಮನೆಯಲ್ಲಿ ರಾಗ ತೆಗೆದರೆ ಅಜ್ಜಿ ಒಳಗೆ ಕೋಸಂಬರಿ ಕಲಸುತ್ತಾ ನಮ್ಮ ಕಿವಿಗಷ್ಟೇ ಬೀಳುವ ಹಾಗೆ ಒಂದು ಮಾತು ಅನ್ನುತ್ತಿದ್ದಳು. ನಾನು ಅದನ್ನೇ ಎತ್ತಿ ಕ್ಯಾಮೆರಾ ಮುಂದೆ ಹಾಕಿದೆ: “ನೀವು ಹಾಡೋಕೆ ಕೂತ್ರೆ ದೇವರು ಮಂಗಳಾರತಿ ಕೂಡ ತಗೊಳ್ಳದೆ ಎದ್ದು ಹೋಗ್ತಾನೆ.”

ಕಟ್ ಅಂದ ಮೇಲೆ ಲೈಟಿನವರೂ ನಕ್ಕರು. ನನಗೂ ಜಂಬವಾಯಿತು.

ಅದು ಟೀವಿಯಲ್ಲಿ ಬಂದ ಸಂಜೆ ಅಜ್ಜಿಯೂ ನನ್ನ ಪಕ್ಕ ಕೂತು ನೋಡಿದಳು. ಸೆರಗು ಬಾಯಿಗಿಟ್ಟುಕೊಂಡು ನಕ್ಕಳು. ನಗು ಮುಗಿಯುವ ಮೊದಲೇ ಬಾಪೂಜಿನಗರದಿಂದ ಫೋನ್ ಬಂತು. ಅಜ್ಜಿ ಯಾವಾಗಲೂ ಸ್ಪೀಕರ್ ಹಾಕಿಯೇ ಮಾತಾಡುವವಳು.

“ಅಕ್ಕಾ, ನೋಡ್ದೆ,” ಅಂದಳು ಚಿಕ್ಕಜ್ಜಿ.

“ಚೆನ್ನಾಗಿತ್ತೇನೇ?”

“ಆ ಮಾತು ಸೀರಿಯಲ್‌ನೋರು ಬರೆದಿದ್ದಲ್ಲ. ಅದು ನಿನ್ನ ಬಾಯಿ. ಯಾರ ಮೇಲೆ ಆಡಿದ್ದು?”

ಯಾವ ಪ್ರಶ್ನೆಗೂ ಎರಡು ಉತ್ತರ ಇಟ್ಟುಕೊಂಡಿರುವ ನಮ್ಮಜ್ಜಿ ರಿಮೋಟ್ ಎತ್ತಿಕೊಂಡು ಟೀವಿ ಆರಿಸಿದಳು.

“ಸರಿ. ಈ ಸಲ ಗೊಂಬೆ ಆರತಿಗೆ ನನ್ನ ಕಾಯಬೇಡಿ,” ಅಂದು ಚಿಕ್ಕಜ್ಜಿ ಫೋನ್ ಇಟ್ಟಳು.

ಆರು ಜನ ಒಡಹುಟ್ಟಿದವರಲ್ಲಿ ಉಳಿದವರು ಇವರಿಬ್ಬರೇ. ದಿನಾ ಸಂಜೆ, ನಿಮ್ಮನೇಲಿ ಏನು ಸಾರು ಎನ್ನುವಲ್ಲಿಂದ ಶುರುವಾಗಿ ಇಬ್ಬರೂ ಅರ್ಧ ಗಂಟೆ ಹರಟುತ್ತಿದ್ದರು. ಆಮೇಲಿನ ನಾಲ್ಕು ದಿನ ಅಜ್ಜಿ ಫೋನನ್ನು ತೊಡೆ ಮೇಲಿಟ್ಟುಕೊಂಡೇ ಸೊಪ್ಪು ಬಿಡಿಸಿದಳು. ಅದು ಬಡಿದುಕೊಳ್ಳಲಿಲ್ಲ. ನನ್ನನ್ನು ಒಂದು ಮಾತೂ ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

ಐದನೇ ದಿನ ನಾನೇ ಆಟೋ ಹತ್ತಿ ಬಾಪೂಜಿನಗರಕ್ಕೆ ಹೋದೆ. ಚಿಕ್ಕಜ್ಜಿ ಕಾಫಿ ಕೊಟ್ಟಳು, ಚಕ್ಕುಲಿ ಕೊಟ್ಟಳು, ಮುಖ ಮಾತ್ರ ಕೊಡಲಿಲ್ಲ.

“ತಪ್ಪು ನಂದು ಚಿಕ್ಕಜ್ಜಿ. ಅಜ್ಜಿ ತಮಾಷೆಗೆ ಅಂತಿದ್ದದ್ದು.”

“ತಮಾಷೆಗಲ್ಲ ಕಣೇ. ನಮ್ಮಿಬ್ಬರಿಗೂ ಸಂಗೀತದ ಪಾಠ ಒಟ್ಟಿಗೇ ಶುರುವಾಗಿದ್ದು. ನಿಮ್ಮಜ್ಜಿಗೆ ನನಗಿಂತ ಆಸೆ ಹೆಚ್ಚು. ಮೇಷ್ಟ್ರು ಒಂದು ತಿಂಗಳು ನೋಡಿ, ದೊಡ್ಡವಳಿಗೆ ಸ್ವರ ನಿಲ್ಲಲ್ಲ, ಚಿಕ್ಕವಳಿಗೆ ಮಾತ್ರ ಹೇಳಿಕೊಡ್ತೀನಿ ಅಂದ್ಬಿಟ್ರು. ಆವತ್ತಿಂದ ನಾನು ಪಾಠಕ್ಕೆ ಕೂತ್ರೆ ಅವಳು ಒಳಗೆ ದಬದಬ ಅಂತ ಪಾತ್ರೆ ಬೆಳಗೋಳು.”

ಗಾಯಕಿಯ ಹೊಟ್ಟೆಕಿಚ್ಚು ಹೇಗಿರಬೇಕು ಎಂದು ನಾನು ಕನ್ನಡಿ ಮುಂದೆ ಹುಬ್ಬು ಗಂಟಿಕ್ಕಿ ವಾರಗಟ್ಟಲೆ ಅಭ್ಯಾಸ ಮಾಡಿದ್ದೆ. ಪಾತ್ರೆ ಬೆಳಗುವುದು ನನಗೆ ಹೊಳೆದೇ ಇರಲಿಲ್ಲ.

“ಗೊಂಬೆ ಆರತಿಗೆ ಬರ್ತೀಯಾ ತಾನೇ?” ಅಂದೆ.

“ಹಾಡು ಅಂತ ಊರವರೆಲ್ಲ ಕೇಳಿದಾರೆ. ನಿಮ್ಮಜ್ಜಿ ಒಂದು ಸಲಾನೂ ಕೇಳಿಲ್ಲ. ಬಂದು ಕೂರ್ತೀನಿ, ಅವಳು ಕೇಳಲಿ, ನೋಡೋಣ.”

ಮನೆಗೆ ಬಂದು ಇದ್ದದ್ದನ್ನು ಇದ್ದಹಾಗೆ ಹೇಳಿದೆ. “ಪಾತ್ರೆ ವಿಷಯಾನೂ ಹೇಳಿದ್ಳಾ?” ಅಂದಳು ಅಜ್ಜಿ. ಹೂಂ ಅಂದೆ. ಎದ್ದು ಹೋಗಿ ಗೊಂಬೆಗಳ ಧೂಳು ಒರೆಸುತ್ತಾ ಕೂತಳು.

ದಸರೆಯ ಮೊದಲ ಸಂಜೆ ಚಿಕ್ಕಜ್ಜಿ ಬಂದಳು. ಗೊಂಬೆಗಳ ಎದುರು ಚಾಪೆಯ ತುದಿಯಲ್ಲಿ, ಬೇರೆಯವರ ಮನೆಗೆ ಬಂದವಳ ಹಾಗೆ ಕೂತಳು. ಅಕ್ಕಪಕ್ಕದ ಹೆಂಗಸರು ಸೇರಿದರು, ಆರತಿ ತಟ್ಟೆ ಸಿದ್ಧವಾಯಿತು. ನಮ್ಮಲ್ಲಿ ಹಾಡು ಅಂದ ಕೂಡಲೇ ಯಾರೂ ಹಾಡುವುದಿಲ್ಲ. ಎರಡು ಸಲ ಒಲ್ಲೆ ಅನ್ನುವುದು ಮರ್ಯಾದೆ. ಅದಕ್ಕೇ ನನಗೆ ಭಯ. ಚಿಕ್ಕಜ್ಜಿಯ ಒಲ್ಲೆ ಮರ್ಯಾದೆಯದೋ ನಿಜದ್ದೋ ತಿಳಿಯುವುದು ಹೇಗೆ?

ಅಜ್ಜಿ ಅಡುಗೆಮನೆಯಿಂದ ಕೈ ಒರೆಸಿಕೊಳ್ಳುತ್ತಾ ಬಂದು ತಂಗಿಯ ಎದುರಿಗೇ ಕೂತಳು.

“ಒಂದು ಹಾಡು ಹೇಳೇ.”

“ಗಂಟಲು ಕಟ್ಟಿದೆ.”

“ಬಿಸಿನೀರು ಕೊಡ್ತೀನಿ, ಹೇಳು.”

“ಪುಸ್ತಕ ತಂದಿಲ್ಲ.”

ಅಜ್ಜಿ ಇನ್ನೂ ಹತ್ತಿರ ಸರಿದಳು. ಆಮೇಲೆ ಮೆಲ್ಲಗೆ, “ನೀನು ಹೇಳಿದ್ರೇನೇ ನಂಗೆ ಹಬ್ಬ ಅನ್ಸೋದು ಕಣೇ. ಹೊಟ್ಟೆಕಿಚ್ಚು ಬೇರೆ, ಇದು ಬೇರೆ,” ಅಂದಳು.

ಚಿಕ್ಕಜ್ಜಿ ಸೆರಗು ಸರಿಮಾಡಿಕೊಂಡು, ಗಂಟಲು ಸವರಿಕೊಂಡು, ಶುರುಮಾಡಿಯೇ ಬಿಟ್ಟಳು. ಎರಡನೇ ನುಡಿಗೆ ಬರುವ ಹೊತ್ತಿಗೆ ಅಜ್ಜಿಯ ತುಟಿಯೂ ಅಲ್ಲಾಡುತ್ತಿತ್ತು. ಅವಳ ಧ್ವನಿ ಮೇಲಕ್ಕೆ ಏರದೆ ನಿಂತು ನಿಂತು ಹೋಗುತ್ತಿತ್ತು. ಚಿಕ್ಕಜ್ಜಿ ಅದನ್ನು ಗಮನಿಸಿದಳು. ಮೂರನೇ ನುಡಿಯನ್ನು ಶ್ರುತಿ ಇಳಿಸಿ, ಅಕ್ಕನಿಗೆ ಎಟಕುವಷ್ಟು ಕೆಳಗಿನಿಂದ ಎತ್ತಿಕೊಂಡಳು.