ಹೆಸರು ಯಾರು ಬೇಕಾದರೂ ಹೇಳುತ್ತಾರೆ

ಫೋನ್ ಎತ್ತಿದವನು ನಾನು. ‘ಲೈನ್ ಬಿಡಬೇಕಂತೆ’ ಎಂದವನೂ ನಾನೇ. ಹದಿನೈದು ದಿನವಾಯಿತು, ಕಣ್ಣು ಮುಚ್ಚಿದರೆ ಆ ಕಪ್ಪು ರಿಸೀವರ್ ಇನ್ನೂ ಕೈಯಲ್ಲೇ ಇದೆ.

ಮಧುಗಿರಿ ಕಡೆಯ ಒಂದು ವಿದ್ಯುತ್ ಸಬ್‌ಸ್ಟೇಷನ್. (ಊರಿನ ಹೆಸರು ಬೇಡ.) ಅಲ್ಲಿನ ಆಪರೇಟರ್ ರಹಮತ್ ಸಾಬರು ಸಿರಾದವರು, ನನ್ನ ಹಳೆಯ ಗೆಳೆಯರು. ಮಾತಾಡಿಸಿಕೊಂಡು ಬರೋಣವೆಂದು ಹೋಗಿದ್ದೆ. ಮಧ್ಯಾಹ್ನ. ಬಿಸಿಲಿನಲ್ಲಿ ಮಧುಗಿರಿಯ ಕೋಟೆ ಬೆಟ್ಟ ನೆಲ ಬಿಟ್ಟು ತೇಲುತ್ತಿತ್ತು. ಟ್ರಾನ್ಸ್‌ಫಾರ್ಮರ್ ಜೋಗುಳದ ಹಾಗೆ ಗುಂಯ್‌ಗುಡುತ್ತಿತ್ತು. ಅಂಥ ಹೊತ್ತಿನಲ್ಲಿ ಸಾವು ನೆನಪಾಗುತ್ತದೆಯೇ?

ಮೂರು ಮೈಲಿ ಆಚೆಯ ಒಂದು ಊರಲ್ಲಿ ಲೈನ್‌ಮನ್ ಜುಂಜಣ್ಣ ಕಂಬದ ಮೇಲಿದ್ದ. ಅವನಿಗಾಗಿಯೇ ಆ ಲೈನಿನ ಕರೆಂಟ್ ತೆಗೆದಿದ್ದರು. ಕೆಲಸ ಮುಗಿಸಿ ಇಳಿದು, ಆ ಊರಿನ ಪೋಸ್ಟಾಫೀಸಿನಿಂದ ಅವನು ಫೋನ್ ಮಾಡಬೇಕು. ಆಮೇಲಷ್ಟೇ ಸಾಬರು ಹ್ಯಾಂಡಲ್ ತಿರುಗಿಸಿ ಕರೆಂಟ್ ಬಿಡಬೇಕು.

ಫೋನ್ ಬಂತು. ಸಾಬರು ಕೈ ತೊಳೆಯುತ್ತಿದ್ದರು. ನಾನು ಎತ್ತಿದೆ.

“ನಾನು ಜುಂಜಣ್ಣ. ಕೆಲ್ಸ ಆಯ್ತು, ಲೈನ್ ಬುಡಿ.”

ಹೇಳಿದೆ. ಸಾಬರು ಹ್ಯಾಂಡಲ್ ಕಡೆ ನೋಡಲೂ ಇಲ್ಲ. “ಕುರಿ ಎಷ್ಟು ಮರಿ ಹಾಕ್ತು ಅಂತ ಕೇಳಿ ಸಾರ್.”

ತಮಾಷೆ ಎಂದುಕೊಂಡೇ ಕೇಳಿದೆ.

“ಯಾವ ಕುರೀನಯ್ಯಾ? ಗಿರಣಿ ಮುಂದೆ ರಾಗಿ ಚೀಲ ಸಾಲಾಗಿ ಕುಂತವೆ. ಸುಮ್ಕೆ ಬುಡಪ್ಪ.” ಫೋನ್ ಕಟ್ಟಾಯಿತು.

ಮಾತಾಡಿದವನು ಹಿಟ್ಟಿನ ಗಿರಣಿಯವನು. ಜುಂಜಣ್ಣ ಇನ್ನೂ ಮೇಲೇ ಇದ್ದ.

“ಹೆಸ್ರು ಯಾರ್ ಬೇಕಾದ್ರೂ ಹೇಳ್ತಾರೆ ಸಾರ್,” ಎಂದರು ಸಾಬರು. ಬೆಳಿಗ್ಗೆ ಲೈನ್ ತೆಗೆಸುವಾಗ ಜುಂಜಣ್ಣ ತನ್ನ ಮನೆಯ ಒಂದು ಹೊಸ ಸುದ್ದಿಯನ್ನು ಇವರ ಕಿವಿಗೆ ಮಾತ್ರ ಹಾಕಿ ಹೋಗುತ್ತಾನಂತೆ. ದಿನಕ್ಕೊಂದು. ಅದನ್ನು ಹೇಳದವನಿಗೆ ಕರೆಂಟ್ ಇಲ್ಲ.

ಮುಕ್ಕಾಲು ಗಂಟೆಯ ಮೇಲೆ ಮತ್ತೆ ಫೋನ್. ಎತ್ತಿ, ಮೊದಲು ಕುರಿಯನ್ನೇ ಕೇಳಿದೆ.

“ಎಲ್ಡು ಕಣಣ್ಣೋ. ಒಂದು ಕರೀದು, ಇನ್ನೊಂದು ಕುಂಟ್ತೈತೆ. ಸಾಬ್ರೆಲ್ಲಿ, ನಿದ್ದೆ ಹೊಡೀತಾವ್ರಾ?”

ಆ ಕುಂಟುವ ಮರಿಯ ಮಾತು ಕೇಳಿ ನನಗೆ ಅಳುವೇ ಬಂತು.

ನಾನು ಪಾಠ ಮಾಡುವ ಕಾಲೇಜಿಗೆ ವಾಪಸಾದೆ. ನಮ್ಮ ಲ್ಯಾಬಿನಲ್ಲಿ ಎರಡು ಕಂಪ್ಯೂಟರುಗಳನ್ನು ಒಂದು ಕೇಬಲ್ಲಿನಿಂದ ಜೋಡಿಸಿದ್ದೇವೆ. ಒಂದರಲ್ಲಿ ಕೂತು ಇನ್ನೊಂದರಿಂದ ಕೆಲಸ ಮಾಡಿಸುವ ಪ್ರೋಗ್ರಾಮನ್ನು ನಾನು ಸಿ ಭಾಷೆಯಲ್ಲಿ ಬರೆಯುತ್ತಿದ್ದೇನೆ. (ರಿಮೋಟ್ ಪ್ರೊಸೀಜರ್ ಕಾಲ್ ಎಂದು ದೊಡ್ಡ ಹೆಸರು. ಅಸಲಿಗೆ ಒಂದು ಫೋನ್ ಕರೆ.) ಕೆಲಸ ಕೇಳುವ ಕ್ಲಯಂಟ್, ತಾನು ಯಾರೆಂದು ತಾನೇ ಚೀಟಿ ಬರೆದು ಕಳಿಸುತ್ತದೆ. ಮೆಷಿನ್ನಿನ ಹೆಸರು, ಬಳಕೆದಾರನ ನಂಬರ್, ಅಷ್ಟೇ. ಪ್ರೋಗ್ರಾಮಿನಲ್ಲಿ ಒಂದೇ ಸಾಲು. ಹೋದ ತಿಂಗಳು ಆ ಸಾಲು ಬರೆದು ಹೆಮ್ಮೆಪಟ್ಟಿದ್ದೆ.

ಈಗ ನನ್ನ ನಂಬರ್ ತೆಗೆದು ಪ್ರಿನ್ಸಿಪಾಲರ ನಂಬರ್ ಹಾಕಿ ಕಳಿಸಿದೆ. ಆ ಕಡೆ ಕೆಲಸ ಮಾಡಿಕೊಡುವ ಸರ್ವರ್ ಒಂದು ಕ್ಷಣವೂ ಅನುಮಾನಿಸದೆ ಅವರ ಫೈಲುಗಳನ್ನೆಲ್ಲ ನನ್ನ ಮುಂದೆ ಹರವಿತು. ಪರದೆಯ ಹಸಿರು ಅಕ್ಷರಗಳ ಹಿಂದೆ ಬೆಟ್ಟ ಮತ್ತೆ ತೇಲಿತು. ತಂತಿಗಳ ನಡುವೆ ಜುಂಜಣ್ಣ, ಆಕಾಶಕ್ಕೆ ಬೆನ್ನು ಕೊಟ್ಟು, ಏನೂ ಗೊತ್ತಿಲ್ಲದೆ.

ಕುರಿ ಎಷ್ಟು ಮರಿ ಹಾಕಿತು ಎಂದು ಆ ಸರ್ವರ್ ಕೇಳಲೇ ಇಲ್ಲವಲ್ಲ?