ಮಂಗಳ ಗ್ರಹದ ಕ್ಯೂ

ನನ್ನ ಕಥೆ ತಮಿಳಿನಲ್ಲಿ ನನ್ನನ್ನು ಮೀರಿಸಿಬಿಟ್ಟಿದೆ ಎಂದು ಗೊತ್ತಾದದ್ದು ರಾಜಾಜಿನಗರದ ನಮ್ಮ ಬಾಡಿಗೆ ಮನೆಯ ಜಗಲಿಯಲ್ಲಿ. ಎಪ್ಪತ್ತರ ದಶಕದ ನಡುವೆ ಎಂದಿಟ್ಟುಕೊಳ್ಳಿ. ಸಂಜೆಯಾಗಿತ್ತು ಎಂದು ಬರೆಯಲು ಕೈ ಹೋಗುತ್ತದೆ. ನೆನಪಿಗೆ ಸಂಜೆಗಳೆಂದರೆ ಇಷ್ಟ, ಹಾಗಾಗಿ ನಂಬುವುದಿಲ್ಲ.

ಹಿಂದಿನ ಬೀದಿಯ ತಮಿಳು ಮನೆಯ ಟೀಚರ್ ಅದನ್ನು ಅನುವಾದಿಸಿದ್ದರು. ಮದರಾಸಿನ ವಾರಪತ್ರಿಕೆಯೊಂದು ಅಚ್ಚು ಹಾಕಿತ್ತು. ನನಗೆ ತಮಿಳು ಬಾರದು. ನನ್ನ ಹೆಂಡತಿ ಕೋಲಾರದ ಗಣಿಯ ಕಡೆ ಬೆಳೆದವಳು, ತಮಿಳು ಬಲ್ಲವಳು. ಟೀಚರ್ ಓದುತ್ತ ಹೋದಂತೆ ಅವಳು ನಕ್ಕಳು, ಆಮೇಲೆ ಸೆರಗಿನಿಂದ ಕಣ್ಣೊರೆಸಿಕೊಂಡಳು.

“ಇಷ್ಟು ಚೆನ್ನಾಗಿತ್ತೇನ್ರೀ ನಿಮ್ಮ ಕಥೆ? ನೀವು ಓದಿದಾಗ ನಂಗೆ ನಿದ್ದೆ ಬಂದುಬಿಟ್ಟಿತ್ತಲ್ಲ.”

ನನ್ನ ಕಥೆಯಲ್ಲಿ ಮಂಗಳ ಗ್ರಹದ ಜನ ಪ್ರಾಣವಾಯುವನ್ನು ಪಡೆಯುತ್ತಿದ್ದರು. ಅಷ್ಟೇ. ಟೀಚರ್ ತಮ್ಮ ಅನುವಾದದಲ್ಲಿ ಅಲ್ಲೊಂದು ಕ್ಯೂ ನಿಲ್ಲಿಸಿದ್ದರು. ನಮ್ಮ ಸೀಮೆಎಣ್ಣೆ ಅಂಗಡಿಯ ಮುಂದೆ ಮಾಡುವಂತೆ, ಮನೆಗೆ ಹೋಗಿ ಬರುವವರು ತಮ್ಮ ಜಾಗದಲ್ಲಿ ಒಂದೊಂದು ಕಲ್ಲು ಇಟ್ಟು ಹೋಗುತ್ತಾರೆ. ಒಬ್ಬ ಮುದುಕಿ ವಾಪಸು ಬರುವುದೇ ಇಲ್ಲ. ಗೊತ್ತಿದ್ದೂ ಹಿಂದಿನವರು ಅವಳ ಕಲ್ಲನ್ನು ಕಾಲಿನಿಂದ ಮುಂದೆ ಮುಂದೆ ಸರಿಸುತ್ತಿರುತ್ತಾರೆ.

ಅಂಗಡಿಯ ಮುಂದಿನ ಆ ಕಲ್ಲುಗಳನ್ನು ದಾಟಿಯೇ ನಾನು ದಿನಾ ಬಸ್ಸಿಗೆ ಹೋಗುತ್ತಿದ್ದೆ. ಮಂಗಳ ಗ್ರಹಕ್ಕೆ ಬೇಕಾದ್ದನ್ನೆಲ್ಲ ಇಂಗ್ಲಿಷ್ ಪುಸ್ತಕಗಳಲ್ಲಿ ಹುಡುಕುತ್ತಿದ್ದೆ.

ನನ್ನ ಸಂಕಲನ ತರಲು ಒಪ್ಪಿದ್ದ ಪ್ರಕಾಶಕರು ತಮಿಳೂ ಓದುತ್ತಿದ್ದರು. “ಆ ಕ್ಯೂ ಸೇರಿಸಿ ಕೊಡಿ ಸಾರ್. ಅದಿಲ್ದೆ ಕಥೇಲಿ ಏನಿದೆ?” ಎಂದರು. ತಮಿಳಿನದನ್ನು ಹೆಂಡತಿಯಿಂದ ಓದಿಸಿ ಅರ್ಥ ಹೇಳಿಸಿಕೊಂಡು, ನನ್ನದೇ ಕಥೆಯನ್ನು ಕನ್ನಡಕ್ಕೆ ಅನುವಾದಿಸಲು ಕೂತೆ. ಒಂದೊಂದು ವಾಕ್ಯವೂ ಹೊಟ್ಟೆ ಉರಿಸಿತು. ಕೆಡಿಸಲು ನೋಡಿದೆ, ಕೆಡಲಿಲ್ಲ.

ಕೊನೆಗೆ ಕೇಳಿಬಿಡೋಣವೆಂದು ಹೋದೆ. ಟೀಚರ್ ಉತ್ತರಪತ್ರಿಕೆ ತಿದ್ದುತ್ತಿದ್ದರು.

“ನಿಮ್ಮ ಕ್ಯೂ ನನ್ನ ಪುಸ್ತಕಕ್ಕೆ ಬೇಕಾಗಿತ್ತು” ಎಂದೆ.

“ಅದು ಕೊಡೋಕಾಗಲ್ಲ ಸಾರ್. ಆ ಮುದುಕಿ ಎಲ್ಲಿಗೆ ಹೋದ್ಲು ಅಂತ ನಾನೇ ಬರೀತಾ ಇದೀನಿ.”

“ತಮಿಳಿನಲ್ಲಾ?”

“ಕನ್ನಡದಲ್ಲಿ. ತಪ್ಪಿದ್ರೆ ನೀವು ತಿದ್ದಿಕೊಡ್ತೀರಲ್ಲ?”

ನೋಡೋಣ ಎಂದು ಎದ್ದುಬಂದೆ. ಆ ಕಥೆಯನ್ನೇ ಸಂಕಲನದಿಂದ ಕೈಬಿಡುವಂತೆ ಪ್ರಕಾಶಕರಿಗೆ ಹೇಳಿಕಳಿಸಿದೆ. ಮುದುಕಿ ಎಲ್ಲಿಗೆ ಹೋದಳೆಂದು ಆಕೆಯನ್ನು ಕೇಳಲಿಲ್ಲ. ಕೇಳಬೇಕೆಂದು ಆ ದಿನ ಮನೆ ಸೇರುವವರೆಗೂ ಜೀವ ಒದ್ದಾಡುತ್ತಿತ್ತು.