ವೀರನ ಬೂಟು

ಹೊಯ್ಸಳರ ಕಾಲದ ಯುದ್ಧದ ವಿಡಿಯೋ ಗೇಮೊಂದನ್ನು ಕಾಮಿಕ್ಸ್ ಮಾಡುತ್ತಿದ್ದಾರೆ. ಚಿತ್ರ ಬರೆಯುವ ಕೂಲಿ ನನ್ನದು. ಹಳೇಬೀಡಿನ ಗುಡಿಯೆದುರು ಕೂತು ಬರೆಯುತ್ತಿದ್ದಾಗ ಚಪ್ಪಲಿ ಕಾಯುವ ಅಮ್ಮ ನನ್ನ ಹಾಳೆಯತ್ತ ಬಗ್ಗಿದರು. ಅದರಲ್ಲಿ ನಮ್ಮ ವೀರ ಕತ್ತಿ ಹಿರಿದು ಗುಡಿಯ ಜಗತಿಕಟ್ಟೆಯ ಮೇಲೆ ಓಡುತ್ತಿದ್ದ.

“ಬೂಟು ಹಾಕ್ಕೊಂಡೇ ಗುಡಿ ಹತ್ತವ್ನಲ್ಲಪ್ಪ!”

“ಗೇಮ್‌ನಲ್ಲಿ ಹಾಗೇ ಇದೆ, ಅಮ್ಮ.”

“ಇಲ್ಲಿ ಬಿಟ್ಟೋಗಕ್ಕೇಳಿ. ನಾನು ನೋಡ್ಕೊತೀನಿ.”

ನಗು ಬಂತು, ಹಿಂದೆಯೇ ನಾಚಿಕೆಯೂ ಆಯಿತು. ಬೂಟು ಅಳಿಸಿ ಬರಿಗಾಲು ಬರೆದೆ. ಎಷ್ಟೋ ದಿನದ ಮೇಲೆ ನನ್ನದು ಅನ್ನಿಸುವ ಗೆರೆ ಬಿದ್ದಿತ್ತು. ಫೋಟೋ ತೆಗೆದು ಎಡಿಟರಿಗೆ ಕಳಿಸಿದೆ. ತಕ್ಷಣ ಫೋನು ಬಂತು.

“ಸಾರ್, ಅವನ ಶಕ್ತಿಯೆಲ್ಲ ಆ ಬೂಟಲ್ಲೇ ಇರೋದು. ಗೇಮ್ ಆಡೋರು ಅದನ್ನೇ ಹುಡುಕ್ತಾರೆ. ಬೇಕಾದ್ರೆ ಗುಡಿ ತೆಗೀರಿ, ಬೂಟು ಮುಟ್ಟಬೇಡಿ.”

ಒಲ್ಲೆ ಅನ್ನುವ ಧೈರ್ಯ ನನಗೆಲ್ಲಿಂದ ಬರಬೇಕು? ಅಮ್ಮನ ಕಣ್ಣೆದುರು ತಿದ್ದಲಾಗದೆ, ಚಪ್ಪಲಿ ಅವರಿಗೊಪ್ಪಿಸಿ ಮೇಲೆ ಹತ್ತಿದೆ. ಮಟಮಟ ಮಧ್ಯಾಹ್ನ ಕಾದ ಕಲ್ಲಿನ ಮೇಲೆ ಬರಿಗಾಲಲ್ಲಿ ನಿಂತು ಅವನಿಗೆ ಮತ್ತೆ ಬೂಟು ತೊಡಿಸಿದೆ.

ಇಳಿದು ಬಂದಾಗ ಅಮ್ಮ ನನ್ನ ಚಪ್ಪಲಿ ಎತ್ತಿಕೊಡುತ್ತಾ ಕೇಳಿದರು: “ನಿಮ್ಮೋನು ಬೂಟು ಬಿಟ್ನಾ?”

ಹಾಳೆಯನ್ನು ಬೆನ್ನ ಹಿಂದೆ ಹಿಡಿದು “ಬಿಟ್ಟ” ಅಂದೆ. ಬೊಬ್ಬೆ ಎದ್ದದ್ದು ನನ್ನ ಕಾಲಿಗೆ ಮಾತ್ರ.